ಮನಸ್ಸೆಯ ಸರದಿ

ಹೋಗುವುದಕ್ಕೆ ಮನಸ್ಸೆಗೆ ಮನಸ್ಸೇ ಇರಲಿಲ್ಲ. ಇದನ್ನು ಬಾಯಿಬಿಟ್ಟು ಯಾರ ಹತ್ತಿರವಾದರೂ ಹೇಳೋಣವೆಂದರೆ ಮೊದಲು ನಗುತ್ತಾರೆ, ಆಮೇಲೆ ಕೇಳಿಸಿಕೊಳ್ಳುತ್ತಾರೆ. ಬುದ್ಧಿ ತಿಳಿದಾಗಿನಿಂದ ಅವನ ಪಾಡು ಇದೇ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಕೋಣೆಯಲ್ಲಿ ಅವನಿಗೆ ಕೆಲಸ; ಅವನು ರಜ ಹಾಕಿದ ದಿನ ಯಾರು ನಕ್ಷೆ ಕೇಳಿಕೊಂಡು ಬಂದರೂ ಸೂಪರ್‌ವೈಸರ್ ಸೇತುರಾಮ, "ಏನ್ ಮಾಡೋದು ಸಾರ್, ಇವತ್ತು ಮನಸ್ಸೇ ಬರಲಿಲ್ಲ" ಅನ್ನುತ್ತಿದ್ದ. ಬಂದವರು ಇದು ಸೋಮಾರಿತನವೋ ಸುದ್ದಿಯೋ ತಿಳಿಯದೆ ನಿಂತಿರುತ್ತಿದ್ದರು. ಹೆಣ್ಣು ನೋಡಲು ಹೋದಾಗ ಜಲಜಾಳ ಸೋದರಮಾವ "ಹುಡುಗನ ಮನಸ್ಸು ಹೇಗೆ?" ಎಂದು ಕೇಳಿದ್ದಕ್ಕೆ ಅಪ್ಪ, "ಮನಸ್ಸು ಅಲ್ಲ, ಮನಸ್ಸೆ" ಎಂದು ಹೆಸರು ತಿದ್ದಿ ಸುಮ್ಮನೆ ಕೂತಿದ್ದ. ಕಿಟಕಿಯ ಸರಳಿಗೆ ನೇತುಹಾಕಿದ ಕನ್ನಡಿಯಲ್ಲಿ ಈಗ ಅರ್ಧ ನೊರೆಯೂ ಅರ್ಧ ಮುಖವೂ ಕಾಣುತ್ತಿದ್ದವು. ಬ್ಲೇಡು ಗದ್ದದ ಕೆಳಗೆ ಕಚ್ಚಿತು. ರಕ್ತದ ಹನಿ ಕಂಡು ಅವನಿಗೆ ಒಂಥರಾ ಸಮಾಧಾನವೇ ಆಯಿತು. ಜ್ವರವೋ ಏಟೋ ಏನಾದರೊಂದು ನೆಪ ಸಿಕ್ಕಿ ಈ ಭಾನುವಾರ ತಪ್ಪಿಹೋಗಬಾರದೇ ಎಂದು ವಾರವೆಲ್ಲ ಹಾರೈಸಿದ್ದ. ಆದರೆ ಬ್ಲೇಡಿನ ಗಾಯಕ್ಕೆ ಯಾರೂ ರಜ ಕೊಡುವುದಿಲ್ಲ. ಮುಖ ತೊಳೆದು, ಪಟಿಕ ಒತ್ತಿ, ಗಾಯದ ಮೇಲೊಂದು ಚೂರು ಹತ್ತಿ ಅಂಟಿಸಿಕೊಂಡ.

ಇವತ್ತು ಮಗನಿಗೆ ದೀಕ್ಷಾಸ್ನಾನ. ಅಂಥ ದೊಡ್ಡ ವಿಷಯವೇನಲ್ಲ. ತಾಯಿ ಮಗುವನ್ನೆತ್ತಿಕೊಂಡು ನಿಲ್ಲುತ್ತಾಳೆ, ಪಾದ್ರಿ ಅಯ್ಯನವರು ಕಲ್ಲಿನ ಬಟ್ಟಲಿನಿಂದ ನೀರು ತೆಗೆದು ಮಗುವಿನ ತಲೆಗೆ ಹಾಕುತ್ತಾರೆ, ಮಗು ಕಿರುಚುತ್ತದೆ, ಆಮೇಲೆ ಎಲ್ಲರಿಗೂ ಬನ್ನು, ಕಾಫಿ. ತೊಡಕಿದ್ದದ್ದು ನೀರಿಗಿಂತ ಮುಂಚೆ. ಅವರ ಸಭೆಯ ಹಳೇ ಪದ್ಧತಿಯ ಪ್ರಕಾರ ಮಗುವಿನ ತಂದೆಯನ್ನು ಎಲ್ಲರೆದುರು ನಿಲ್ಲಿಸಿ, ನೀನು ದೇವರನ್ನು ಪೂರ್ಣ ಮನಸ್ಸಿನಿಂದ ನಂಬುತ್ತೀಯೋ ಎಂದು ಕೇಳುತ್ತಾರೆ. ಅವನು ಕೊನೆಯ ಬೆಂಚಿಗೂ ಕೇಳುವ ಹಾಗೆ "ನಂಬುತ್ತೇನೆ" ಅನ್ನಬೇಕು. ಅಲ್ಲಿಯವರೆಗೆ ನೀರು ಬಟ್ಟಲಲ್ಲೇ ಇರುತ್ತದೆ. ಮನಸ್ಸೆಗೆ ನಂಬಿಕೆ ಇರಲಿಲ್ಲ. ಯಾವಾಗ ಹೋಯಿತೆಂದು ಕೇಳಿದರೆ ಅವನಿಗೂ ಹೇಳಲು ಬಾರದು. ಬಸ್ಸಿನಲ್ಲಿ ಛತ್ರಿ ಮರೆತು ಬಂದವನಿಗೆ ಯಾವ ಸ್ಟಾಪಿನಲ್ಲಿ ಬಿಟ್ಟೆ ಎಂದು ಗೊತ್ತಿರುವುದಿಲ್ಲ, ಮಳೆ ಬಂದಾಗ ಕೈ ಖಾಲಿ ಎಂಬುದಷ್ಟೇ ತಿಳಿಯುತ್ತದೆ. ಸಭೆಯಲ್ಲಿ ಎಲ್ಲರೂ ಹಾಡುವಾಗ ಅವನು ತುಟಿ ಆಡಿಸುತ್ತಿದ್ದ. ಪ್ರಾರ್ಥನೆಗೆ ಕಣ್ಣು ಮುಚ್ಚಿ ಮಧ್ಯಾಹ್ನದ ಊಟದ ಬಗ್ಗೆ ಯೋಚಿಸುತ್ತಿದ್ದ. ಆದರೆ ದೊಡ್ಡವನಾದ ಮೇಲೆ ಆ ಜಾಗದಲ್ಲಿ ನಿಂತು ನಂಬುತ್ತೇನೆ ಎಂಬ ಮಾತನ್ನು ಬಾಯಿಂದ ಆಡಿರಲಿಲ್ಲ. ತನ್ನದು ಅಂತ ಹೇಳಿಕೊಳ್ಳಲು ಅವನ ಬಳಿ ಇದ್ದ ಪ್ರಾಮಾಣಿಕತೆ ಇಷ್ಟೇ. ಇವತ್ತು ಒಂದೋ ಅದನ್ನು ಕಳೆದುಕೊಳ್ಳಬೇಕು, ಇಲ್ಲವೇ ಅದೇ ಸಭೆಗೆ ಮೂವತ್ತು ವರ್ಷ ಉಪದೇಶಿಯಾಗಿದ್ದ, ಮೊದಲ ಬೆಂಚಿನಲ್ಲಿ ಕೂತಿರುವ ಅಪ್ಪನ ಮುಖಕ್ಕೆ ಎಲ್ಲರೆದುರು ಮಸಿ ಬಳಿಯಬೇಕು. ಮೂರನೆಯ ದಾರಿ ವಾರವೆಲ್ಲ ಹುಡುಕಿದರೂ ಸಿಕ್ಕಿರಲಿಲ್ಲ.

ಅಪ್ಪ ಹಾಲು ಬರುವ ಹೊತ್ತಿಗೇ ಕರೀ ಕೋಟು ತೊಟ್ಟು ತಯಾರಾಗಿದ್ದ. ಕೆಳಗೆ ಮನೆಯೊಡತಿ ಯಶೋದಮ್ಮನ ಟೀವಿಯಿಂದ ಶಂಖದ ಸದ್ದು ಬರುತ್ತಿತ್ತು; ಭಾನುವಾರದ ಪುರಾಣದ ಧಾರಾವಾಹಿ ಶುರುವಾದರೆ ಇಡೀ ಬಸವೇಶ್ವರನಗರ ಉಸಿರು ಬಿಗಿಹಿಡಿಯುತ್ತಿತ್ತು, ನಾಯಿಗಳು ಬೀದಿಯ ನಡುಮಧ್ಯ ಮಲಗುತ್ತಿದ್ದವು. ಮೊದಲು ಒಂಬತ್ತಕ್ಕಿದ್ದ ಆರಾಧನೆಯನ್ನು, ಬೆಂಚುಗಳೆಲ್ಲ ಖಾಲಿ ಹೊಡೆಯತೊಡಗಿದ ಮೇಲೆ, ಹಿರಿಯರ ಆರೋಗ್ಯದ ದೃಷ್ಟಿಯಿಂದ ಎಂದು ಹೇಳಿ ಹತ್ತೂವರೆಗೆ ಸರಿಸಿದ್ದರು. ಆ ಹಿರಿಯರಲ್ಲೊಬ್ಬನಾದ ಅಪ್ಪ ಯಶೋದಮ್ಮನ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ಬೀದಿಗೆ ಮುಖ ಮಾಡಿ ಪೇಪರು ಹಿಡಿದು ಕೂರುತ್ತಿದ್ದ. ಕಣ್ಣು ಪೇಪರಿನ ಮೇಲೆ, ಕಿವಿ ಒಳಗೆ. ವಿಗ್ರಹಗಳನ್ನು ನೋಡುವುದು ತಪ್ಪೆಂದು ಬರೆದಿದೆಯೇ ಹೊರತು ಕೇಳಿಸಿಕೊಳ್ಳುವುದರ ಬಗ್ಗೆ ಎಲ್ಲೂ ಏನೂ ಬರೆದಿರಲಿಲ್ಲ. ಅಪ್ಪನ ಹೆಸರು ಹಿಜ್ಕೀಯ. ಬೀದಿಯವರ ಬಾಯಲ್ಲಿ ಅದು ಹಿಜ್ಜಪ್ಪ.

ಹಿಜ್ಕೀಯನ ಅಪ್ಪ ಆಹಾಜ, ಅವನ ಅಪ್ಪ ಯೋತಾಮ. ಯೋತಾಮ ಮೊದಲು ಮುನಿಗ ಆಗಿದ್ದ. ಮಾಗಡಿ ಕಡೆಯ ಹಳ್ಳಿಯಲ್ಲಿ ದೊರೆ ಪಾದ್ರಿಯೊಬ್ಬ ಮರದ ಕೆಳಗೆ ನಿಂತು ಓದುತ್ತಿದ್ದಾಗ ಮುನಿಗ ತಡವಾಗಿ ಬಂದನಂತೆ. ಎತ್ತು ಹಗ್ಗ ಕಿತ್ತುಕೊಂಡಿತ್ತು. ಅವನು ಬಂದು ಕೂತಾಗ ಪಾದ್ರಿ ಇಂಥವನಿಂದ ಇಂಥವನು, ಅವನಿಂದ ಮತ್ತೊಬ್ಬನು ಎಂದು ಹೆಸರುಗಳನ್ನು ರಾಗವಾಗಿ ಓದುತ್ತಿದ್ದ. ಅದು ಬೈಬಲಿನ ಯೆಹೂದದ ಅರಸರ ವಂಶಾವಳಿ ಎಂದು ಮುನಿಗನಿಗೆ ಹೇಗೆ ಗೊತ್ತಾಗಬೇಕು? ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು ಬಂದು, ಮನೆಯ ಮುಂದೆ ನಿಂತು ಆ ಮನೆಯವರ ಪೀಳಿಗೆಯನ್ನು ಒಪ್ಪಿಸಿ ಕಾಳು ಇಸಿದುಕೊಂಡು ಹೋಗುವ ಹೆಳವನನ್ನು ಅವನು ಕಂಡಿದ್ದ. ಇವನು ಬಿಳೀ ಹೆಳವ, ತನ್ನ ಮನೆಯ ಪೀಳಿಗೆಯನ್ನೇ ಹೇಳುತ್ತಿದ್ದಾನೆ ಅಂದುಕೊಂಡ. ಆ ಜಾತಿಗೆ ಸೇರಿದರೆ ಇವರೆಲ್ಲ ನಮ್ಮವರು ಎಂದು ಲೆಕ್ಕ ಹಾಕಿದ. ಕಿವಿಗೆ ಮೊದಲು ಬಿದ್ದ ಹೆಸರು ಯೋತಾಮ, ಅದನ್ನು ತಾನಿಟ್ಟುಕೊಂಡು ಮುಂದಿನವನ್ನು ಬಾಯಿಪಾಠ ಮಾಡಿ ಮಗನಿಗೆ ಒಪ್ಪಿಸಿದ: ಆಹಾಜ, ಹಿಜ್ಕೀಯ, ಮನಸ್ಸೆ, ಆಮೋನ, ಯೋಷೀಯ. ಅಬ್ರಹಾಮ, ದಾವೀದ, ಸೊಲೊಮೋನ ಎಂಬ ದೊಡ್ಡ ದೊಡ್ಡವರೆಲ್ಲ ಅವನು ಎತ್ತು ಕಟ್ಟುತ್ತಿದ್ದಾಗಲೇ ದಾಟಿಹೋಗಿದ್ದರು. ಓದು ಬಾರದ ಮನೆಯಲ್ಲಿ ಹೆಸರುಗಳು ಬಾಯಿಂದ ಬಾಯಿಗೆ ಬಂದವು, ಗಂಡು ಹುಟ್ಟಿದಾಗ ಸರದಿಯಲ್ಲಿದ್ದದ್ದನ್ನು ಇಟ್ಟರು. ಆ ರಾಜರು ಯಾರು, ಏನು ಮಾಡಿದರು ಎಂದು ಯಾರೂ ವಿಚಾರಿಸಲಿಲ್ಲ. ಪೂರ್ವಿಕರನ್ನು ಯಾರು ವಿಚಾರಣೆ ಮಾಡುತ್ತಾರೆ?

ಮನಸ್ಸೆಗೆ ತನ್ನ ರಾಜ ಯಾರೆಂದು ತಿಳಿದದ್ದು ಭಾನುವಾರದ ಶಾಲೆಯಲ್ಲಿ. ಇಂದ್ರಮ್ಮ ಟೀಚರು ಹಿಜ್ಕೀಯ ರಾಜನ ಕಥೆ ಮುಗಿಸಿ, ಕನ್ನಡಕ ಸರಿಮಾಡಿಕೊಂಡು, ಇಂಥ ಪುಣ್ಯಾತ್ಮನ ಹೊಟ್ಟೆಯಲ್ಲಿ ಎಂಥವನು ಹುಟ್ಟಿದ ನೋಡಿ ಅಂದರು. ಅಪ್ಪ ಒಡೆಸಿದ ವಿಗ್ರಹಗಳನ್ನೆಲ್ಲ ಮತ್ತೆ ನಿಲ್ಲಿಸಿದ, ಕಣಿ ಹೇಳುವವರನ್ನು ಕರೆಸಿದ, ಊರು ತುಂಬ ರಕ್ತ ಹರಿಸಿದ. ಹೆಸರು ಹೇಳಿದೊಡನೆ ಮಕ್ಕಳೆಲ್ಲ ಅವನ ಕಡೆ ತಿರುಗಿದರು. ಟೀಚರಿಗೂ ಆಗಲೇ ಹೊಳೆದದ್ದು. ಕೆಂಪಾಗಿ, ನೀನಲ್ಲಪ್ಪ, ಬೇರೆ ಮನಸ್ಸೆ ಅಂದರು. ಆ ಸಮಾಧಾನವೇ ಮಕ್ಕಳಿಗೆ ಹಬ್ಬವಾಯಿತು, ಗೋಲಿ ಆಟದಲ್ಲಿ ಸೋತವರೆಲ್ಲ ಅವನನ್ನು ಕೆಟ್ಟ ರಾಜ ಅನ್ನತೊಡಗಿದರು. ಅಪ್ಪನಿಗೋ ತನ್ನ ರಾಜನೆಂದರೆ ಪ್ರಾಣ. ಮಿಲ್ಲಿನಲ್ಲಿ ಆರು ದಿನ ನೂಲು ಸುತ್ತಿ ಏಳನೆಯ ದಿನ ಅವನು ಮಾಡುತ್ತಿದ್ದ ಬೋಧನೆ ಎಲ್ಲಿ ಶುರುವಾದರೂ ಹಿಜ್ಕೀಯನಲ್ಲಿಗೇ ಬಂದು ಸೇರುತ್ತಿತ್ತು. ಜನ ಧೂಪ ಹಾಕುತ್ತಿದ್ದ ಕಂಚಿನ ಹಾವನ್ನು ರಾಜ ಪುಡಿಪುಡಿ ಮಾಡಿದ; ರೋಗ ಬಂದು ಸಾಯುವ ಗಳಿಗೆಯಲ್ಲಿ ಗೋಡೆಯ ಕಡೆ ತಿರುಗಿ ಅತ್ತ; ದೇವರು ಕರಗಿ ಹದಿನೈದು ವರ್ಷ ಆಯಸ್ಸು ಕೊಟ್ಟ. ಅಪ್ಪನಿಗೂ ಮದುವೆಯಾದ ಹೊಸತರಲ್ಲಿ ವಿಷಮಶೀತಜ್ವರ ಬಂದು ಎಲ್ಲರೂ ಆಸೆ ಬಿಟ್ಟಿದ್ದರು, ಅವನೂ ಗೋಡೆಯ ಕಡೆ ತಿರುಗಿದ್ದ. ಕಾಮಾಕ್ಷಿಪಾಳ್ಯದ ಆ ಒಂದೇ ಅಂಕಣದ ಮನೆಯಲ್ಲಿ ಯಾವ ಕಡೆ ತಿರುಗಿದರೂ ಗೋಡೆಯೇ. ಹದಿನೈದು ವರ್ಷ ಆಯಸ್ಸು ಸಿಕ್ಕಿದ ಕಡೆಗೆ ಅಪ್ಪ ಬೋಧನೆ ನಿಲ್ಲಿಸಿ ಆಮೆನ್ ಅನ್ನುತ್ತಿದ್ದ. ಯಾವಾಗಲೂ ಅಲ್ಲೇ. ಆ ಹೆಚ್ಚಿನ ವರ್ಷಗಳಲ್ಲೇ ಕೆಟ್ಟ ಮಗ ಹುಟ್ಟಿದ್ದು ಎಂದು ಹೇಳುತ್ತಿರಲಿಲ್ಲ. ತಾನು ಹೊಳೆಯುವ ಜಾಗದಲ್ಲಿ ನಿಲ್ಲಿಸುತ್ತಾನೆ, ಜಂಭ ಎಂದು ಮನಸ್ಸೆ ಎಣಿಸಿದ್ದ.

ಜಂಭವನ್ನಾದರೂ ಸಹಿಸಬಹುದಿತ್ತು. ಅಪ್ಪನ ಮೇಲಿನ ಗೌರವ ಹೋದದ್ದು ಒಂದು ನಾಗರಪಂಚಮಿಯ ಮಧ್ಯಾಹ್ನ. ಕೆರೆಯ ಪಕ್ಕದ ಅಶ್ವತ್ಥಕಟ್ಟೆಯ ಮೇಲೆ ನಾಗರಕಲ್ಲೊಂದಿತ್ತು. ತನ್ನ ರಾಜ ಮಾಡಿದ್ದನ್ನು ತಾನೂ ಮಾಡದಿದ್ದರೆ ಬಾಯಿಮಾತಿನ ಉಪದೇಶಿಯಾಗಿಬಿಡುತ್ತೇನೆಂದು ಅಪ್ಪನಿಗೆ ಯಾವ ಹುಚ್ಚು ಹತ್ತಿತೋ, ಸುತ್ತಿಗೆ ಹಿಡಿದು ಮಗನನ್ನು ಸಾಕ್ಷಿಗೆ ಎಳೆದುಕೊಂಡು ಹೊರಟ. ದಾರಿಯುದ್ದಕ್ಕೂ ಮನಸ್ಸೆಯ ಎದೆ ಡವಡವ ಅನ್ನುತ್ತಿತ್ತು; ಭಯವೂ ಹೌದು, ಹೆಮ್ಮೆಯೂ ಹೌದು, ತನ್ನಪ್ಪ ಇವತ್ತು ನಿಜವಾಗಿ ರಾಜನಾಗುತ್ತಾನೆ. ಹಾಲೆರೆಯುವ ಹೆಂಗಸರೆಲ್ಲ ಬೆಳಿಗ್ಗೆಯೇ ಬಂದುಹೋಗಿರುತ್ತಾರೆ ಎಂಬ ಅಪ್ಪನ ಲೆಕ್ಕ ತಪ್ಪಿತ್ತು. ಸೊಪ್ಪು ಮಾರುವ ಮುನಿತಾಯಮ್ಮ ವ್ಯಾಪಾರ ಮುಗಿಸಿ ಆಗಷ್ಟೇ ಬಂದು ಕಲ್ಲಿಗೆ ಅರಿಶಿನ ಹಚ್ಚುತ್ತಿದ್ದಳು. ಜ್ವರದಲ್ಲಿ ಅಪ್ಪ ಮಲಗಿದ್ದಾಗ ದಿನಾ ಗಂಜಿ ತಂದುಕೊಟ್ಟವಳು. "ಏನ್ ಹಿಜ್ಜಪ್ಪ, ಸುತ್ತಿಗೆ ತಂದಿದೀಯ?" ಅಂದಳು. ಅಪ್ಪ ಕಲ್ಲನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ, "ಕಲ್ಲು ಯಾಕೋ ವಾಲ್ಕೊಂಡಿತ್ತಲ್ಲ ತಾಯಮ್ಮ, ಮಕ್ಕಳ ಮೇಲೆ ಬಿದ್ದೀತು ಅಂತ ಬಂದೆ" ಅಂದ. ಮಾತಾಡಿಬಿಟ್ಟ ಮೇಲೆ ಮಾಡದೆ ವಿಧಿಯಿರಲಿಲ್ಲ. ಕೋಟು ಬಿಚ್ಚಿ ಮಗನ ಕೈಗೆ ಕೊಟ್ಟು, ಕಲ್ಲನ್ನು ತಬ್ಬಿ ನೇರ ಮಾಡಿ, ಬುಡಕ್ಕೆ ಚಕ್ಕೆಗಲ್ಲು ಕೊಟ್ಟು ಸುತ್ತಿಗೆಯಿಂದ ಬಡಿದು ಬಡಿದು ಭದ್ರ ಮಾಡಿದ. ಅವಳು ಅಪ್ಪ ಮಗ ಇಬ್ಬರಿಗೂ ತಂಬಿಟ್ಟು ಕೊಟ್ಟಳು. ಅಪ್ಪ ತಿಂದ. ಮುಂದಿನ ಭಾನುವಾರ ಬೋಧನೆಯಲ್ಲಿ ಎಂದಿನಂತೆ ಕಂಚಿನ ಹಾವನ್ನು ಪುಡಿ ಮಾಡಿದ. ಕಾಮಾಕ್ಷಿಪಾಳ್ಯದ ಹಳಬರು ಈಗಲೂ ಅದನ್ನು ಉಪದೇಶಿ ನಿಲ್ಲಿಸಿದ ಕಲ್ಲು ಅನ್ನುತ್ತಾರೆ, ಅದಕ್ಕೆ ಹರಕೆ ಹೊತ್ತರೆ ಬೇಗ ಫಲವಂತೆ. ಮೂವತ್ತು ವರ್ಷ ದೇವರ ವಾಕ್ಯ ಬಿತ್ತಿದವನು ಊರಿಗೆ ಬಿಟ್ಟುಹೋಗುತ್ತಿರುವ ನಂಬಿಕೆ ಅಂದರೆ ಇದೊಂದೇ ಎಂದು ಮನಸ್ಸೆ ಒಳಗೊಳಗೇ ನಕ್ಕದ್ದುಂಟು. ಆದರೆ ಆ ಮಧ್ಯಾಹ್ನ ಕೋಟು ಹಿಡಿದು ನಿಂತಿದ್ದಾಗ ಅವನಿಗೆ ನಗು ಬಂದಿರಲಿಲ್ಲ. ನಾಚಿಕೆಯಿಂದ ಸತ್ತುಹೋಗುವಂತಾಗಿತ್ತು. ನಾನು ಮಾತ್ರ ಎಂದೂ ಇಂಥ ಸುಳ್ಳು ಹೇಳುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದ್ದ.

"ರೀ, ನಿಮ್ಮ ಗದ್ದಕ್ಕೆ ಹತ್ತಿ ಅಂಟ್ಕೊಂಡಿದೆ," ಅಂದಳು ಜಲಜಾ. ಮಗುವಿಗೆ ಅವಳಮ್ಮ ಹೊಲಿದು ತಂದಿದ್ದ ಬಿಳೀ ನಿಲುವಂಗಿ ತೊಡಿಸಿದ್ದಳು. ಅಂಗಿ ಮಗುವಿಗಿಂತ ಉದ್ದವಿತ್ತು. ಧಾರಾವಾಹಿ ಮುಗಿಸಿಕೊಂಡು ಯಶೋದಮ್ಮ ಮೇಲೆ ಬಂದರು. ಮಗುವನ್ನು ಎತ್ತಿಕೊಂಡು, ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದ ಕಾಡಿಗೆ ಡಬ್ಬಿ ತೆಗೆದು, ಯಾರೂ ಏನೂ ಅನ್ನುವ ಮೊದಲೇ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟೇಬಿಟ್ಟರು.

"ಅಷ್ಟು ಜನ ನೋಡ್ತಾರೆ. ನಿಮ್ಮ ದೇವ್ರೇನೂ ಬೇಜಾರು ಮಾಡ್ಕೊಳಲ್ಲ ಬಿಡಿ. ಹೆಸರು ಏನು ಇಡ್ತಿದೀರಿ ಉಪದೇಶಿಗಳೇ?"

"ಆಮೋನ," ಅಂದ ಅಪ್ಪ.

ಯಶೋದಮ್ಮ ಅದನ್ನು ಬಾಯೊಳಗೆ ಒಂದೆರಡು ಸಲ ಹೊರಳಿಸಿದರು. "ಅಮೋನಿಯಾ ಅಂದಂಗಿದೆ ಕಣ್ರೀ."

ಮನಸ್ಸೆಗೆ ಅದು ಹೊಸ ಮಾತಲ್ಲ. ನಕ್ಷೆಯ ಪ್ರತಿ ತೆಗೆಯುವ ಕೋಣೆಯಲ್ಲಿ ಅವನು ದಿನವಿಡೀ ಕುಡಿಯುವುದು ಅಮೋನಿಯಾ ಹೊಗೆಯನ್ನೇ. ಮಗ ಹುಟ್ಟಿದ ದಿನ ಸರದಿಯ ಹೆಸರು ಕೇಳಿ ಸೇತುರಾಮ, ಮಗನ ಹೆಸರಲ್ಲೂ ಓವರ್‌ಟೈಮ್ ಮಾಡ್ತೀಯಲ್ಲ ಮಾರಾಯ ಅಂದಿದ್ದ. ಜಲಜಾ ಸೆರಗು ಸಿಕ್ಕಿಸಿಕೊಳ್ಳುತ್ತ, "ಇಟ್ಕೊಳ್ಳಲಿ ಬಿಡಿ ಆಂಟಿ, ಮಾವನಿಗೆ ಆಸೆ. ನಾನು ಅಮ್ಮು ಅಂತ ಕೂಗ್ತೀನಿ" ಅಂದಳು. ಅವಳಿಗೆ ಯಾವುದೂ ಕಷ್ಟವೆನಿಸುತ್ತಿರಲಿಲ್ಲ. ಮೊನ್ನೆ ರಾತ್ರಿ ಊಟ ಬಡಿಸುವಾಗ ಅವನು, ನಂಬದೇ ಇರೋದನ್ನ ನಂಬ್ತೀನಿ ಅಂತ ಹೇಗೆ ಹೇಳಲಿ ಎಂದು ಕೇಳಿಯೇಬಿಟ್ಟಿದ್ದ. "ನನ್ನ ಸಾರು ಚೆನ್ನಾಗಿದೆ ಅಂತ ದಿನಾ ಹೇಳಲ್ವಾ?" ಅಂದಿದ್ದಳು. ಅವನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡಿದ್ದ. ಈಗ ಅಪ್ಪ ಮಗುವಿನ ಕೆನ್ನೆಯ ಕರಿ ಬೊಟ್ಟನ್ನೇ ನೋಡುತ್ತಿದ್ದವನು, ಜಲಜಾ ಒರೆಸಲು ಸೆರಗು ತೆಗೆದಾಗ, "ಇರ್ಲಿ ಬಿಡಮ್ಮ, ನೀರು ಬಿದ್ದಾಗ ಹೋಗತ್ತೆ" ಅಂದ.

ಆಟೋದಲ್ಲಿ ಜಲಜಾ, ಅವಳಮ್ಮ, ಮಗು ಹೋದರು. ಅಪ್ಪ ಮಗ ಬಸ್ಸಿಗೆಂದು ನಡೆದು ಬಂದು ಸ್ಟಾಪಿನಲ್ಲಿ ನಿಂತರು. ಮನೆ ಕಟ್ಟದ ಖಾಲಿ ಸೈಟುಗಳಲ್ಲಿ ಎಮ್ಮೆಗಳು ಮೇಯುತ್ತಿದ್ದವು. ಇಲ್ಲಿಯೇ ಹೇಳಿಬಿಡಬೇಕು ಎಂದುಕೊಂಡಿದ್ದ ಮನಸ್ಸೆ. ಅಪ್ಪ ಅಲ್ಲಿ ಎಲ್ಲರೆದುರು ಕೇಳಿ ಕುಸಿಯುವುದಕ್ಕಿಂತ ಇಲ್ಲಿ ಎಮ್ಮೆಗಳ ಮುಂದೆ ಕುಸಿಯಲಿ. ಬಾಯಿ ತೆರೆದ. ಬಂದದ್ದು ಬೇರೆ ಮಾತು.

"ಅಪ್ಪ, ನಂಗ್ಯಾಕೆ ಈ ಹೆಸರು ಇಟ್ಟೆ?"

"ನಿನ್ನ ಸರದಿ ಬಂತು, ಇಟ್ಟೆ."

"ಆ ರಾಜ ಎಂಥೋನು ಅಂತ ಗೊತ್ತಿರ್ಲಿಲ್ವ?"

ಅಪ್ಪ ಬಸ್ಸು ಬರುವ ಕಡೆಗೇ ನೋಡುತ್ತಿದ್ದ. "ಆಗ ಎಲ್ಲಿ ಗೊತ್ತಿತ್ತು. ನನಗೆ ಓದು ಬಂದಿದ್ದೇ ಆಮೇಲೆ, ಹಳೇ ಅಯ್ಯನವರು ಕಲಿಸಿದ್ರು. ನಿಂಗಾಗ ಮೂರೋ ನಾಲ್ಕೋ ವರ್ಷ. ಒಂದೊಂದೇ ಅಕ್ಷರ ಕೂಡಿಸ್ಕೊಂಡು ಓದಿ ಓದಿ ನನ್ನ ರಾಜನ ಕತೆ ಮುಗಿಸ್ದೆ. ಎಂಥಾ ರಾಜ, ನನ್ನ ಹೆಸರಿನೋನು ಅಂತ ಖುಷಿಯಾಗಿ ಪುಟ ತಿರುಗಿಸ್ದೆ. ನೋಡಿದ್ರೆ ನೀನು."

"ಆವಾಗಾದ್ರೂ ಬದಲಾಯಿಸಬಹುದಿತ್ತಲ್ಲ?"

"ಹೆಂಗೋ ಬದಲಾಯಿಸ್ಲಿ? ಮನಸ್ಸೆ ಅಂತ ಕೂಗಿದ್ರೆ ಎಲ್ಲಿದ್ರೂ ಓಡಿ ಬರ್ತಿದ್ದೆ." ಅಪ್ಪ ಕೋಟಿನ ತೋಳಿನ ಮೇಲಿದ್ದ ದಾರದ ಎಳೆಯೊಂದನ್ನು ತೆಗೆದು ಬಿಸಾಡಿದ. "ಆ ಪುಟ ನಾನು ಸಭೇಲಿ ಯಾವತ್ತೂ ಓದ್ಲಿಲ್ಲ. ಎದುರಿಗೇ ಕೂತಿರ್ತಿದ್ದೆಯಲ್ಲ ನೀನು."

ಮನಸ್ಸೆ ಇಷ್ಟು ವರ್ಷ ಜಂಭ ಎಂದುಕೊಂಡದ್ದು ಹೀಗೆ ಬಸ್‌ಸ್ಟಾಪಿನಲ್ಲಿ ಬೇರೆಯೇ ಆಗಿಬಿಟ್ಟಿತು, ಅದನ್ನು ಎಲ್ಲಿಟ್ಟುಕೊಳ್ಳಬೇಕೋ ತೋಚದೆ ಅವನಿಗೆ ಸಿಟ್ಟೇ ಬಂತು. ಪ್ರೀತಿ ಹುಟ್ಟಿದರೂ ಅವನಿಗೆ ಮೊದಲು ಸಿಟ್ಟಿನ ರೂಪದಲ್ಲೇ ಬರುತ್ತಿತ್ತು. "ಈಗ ಓದೋಕೆ ಬರತ್ತಲ್ಲ? ಆಮೋನ ಎಂಥೋನು ಅಂತಾನೂ ಗೊತ್ತಲ್ಲ? ಮತ್ತೆ ಮಗೂಗೆ ಅದೇ ಯಾಕೆ? ಅವನೊಬ್ಬನ್ನ ಬಿಟ್ಟು ಯೋಷೀಯ ಅಂತ ಇಡೋಣ. ಒಳ್ಳೇ ರಾಜ."

"ಆಮೋನ ಇಲ್ದೆ ಯೋಷೀಯ ಎಲ್ಲಿಂದ ಹುಟ್ತಾನೋ?" ಅಂದ ಅಪ್ಪ, ಇಷ್ಟೂ ತಿಳಿಯದವನಿಗೆ ಹೇಳುವ ಹಾಗೆ. "ಮಧ್ಯೆ ಒಬ್ಬನ್ನ ಹಾರಿಸಿದ್ರೆ ಪೀಳಿಗೆ ಅಲ್ಲಿಗೇ ನಿಂತೋಗತ್ತೆ. ಒಳ್ಳೇ ರಾಜ ನನಗೆ ಕಾಣೋಕೆ ಸಿಗಲ್ಲ, ನನಗ್ಗೊತ್ತು. ಅವನು ನಿನ್ನ ಮೊಮ್ಮಗ."

ಬಸ್ಸು ಬಂತು. ಒಳಗೆ ಜನವೇ ಇರಲಿಲ್ಲ. ಧಾರಾವಾಹಿಯ ಮಂಪರು ಇನ್ನೂ ಊರಿಗೆ ಬಿಟ್ಟಿರಲಿಲ್ಲ. ಇಬ್ಬರ ಸೀಟಿನಲ್ಲಿ ಅಪ್ಪನ ಭುಜ ಅವನ ಭುಜಕ್ಕೆ ತಾಗುತ್ತಿತ್ತು. ಕೋಟಿನೊಳಗೆ ಭುಜ ಬರೀ ಮೂಳೆಯಾಗಿದೆ ಎಂದು ಅವನಿಗೆ ಈಗ ತಿಳಿಯಿತು. ಇದೇ ಕೊನೆಯ ಅವಕಾಶ. "ಅಪ್ಪ, ಅಲ್ಲಿ ಅಯ್ಯನವರು ಕೇಳಿದಾಗ ನಾನು..." ಎಂದು ಶುರು ಮಾಡಿದ. ಅಷ್ಟರಲ್ಲಿ ಕಂಡಕ್ಟರು ಬಂದು ಟಿಕೆಟ್ ಅಂದ. ಚೀಟಿ ಹರಿದು ಕೊಟ್ಟು ಅವನು ಆಚೆ ಹೋದ ಮೇಲೂ ಮನಸ್ಸೆಗೆ ಬಿಟ್ಟ ಮಾತನ್ನು ಮತ್ತೆ ಹಿಡಿಯಲಾಗಲಿಲ್ಲ. ಅಪ್ಪ ಏನು ಎಂದು ಕೇಳಲೂ ಇಲ್ಲ. ಕಿಟಕಿಯಾಚೆ ನೋಡುತ್ತ, "ಈ ರೋಡು ಎಷ್ಟು ಅಗಲ ಮಾಡ್ಬಿಟ್ರು ನೋಡು" ಅಂದ.

ಹೊಸ ಅಯ್ಯನವರು ಚಿಕ್ಕ ವಯಸ್ಸಿನವರು, ಓದಿಕೊಂಡವರು, ಎಲ್ಲರನ್ನೂ ಬ್ರದರ್ ಅನ್ನುವವರು. ಬಾಗಿಲಲ್ಲೇ ಮನಸ್ಸೆಯನ್ನು ಪಕ್ಕಕ್ಕೆ ಕರೆದು, "ಬ್ರದರ್, ಹೆಸರಿನ ಬಗ್ಗೆ ಇನ್ನೊಂದು ಸಲ ಯೋಚನೆ ಮಾಡಿದ್ರಾ? ಆಮೋನನ್ನ ಅವನ ಆಳುಗಳೇ ಕೊಂದು ಹಾಕಿದ್ರು, ಗೊತ್ತಲ್ಲ?" ಅಂದರು.

"ನಮ್ಮ ಮನೇಲಿ ಆಳುಗಳಿಲ್ಲ ಅಯ್ಯನವರೇ," ಅಂದ ಮನಸ್ಸೆ. ಅಂದ ಮೇಲೆ, ತಾನ್ಯಾಕೆ ಅಪ್ಪನ ಪರ ವಕಾಲತ್ತು ಮಾಡುತ್ತಿದ್ದೇನೆ ಎಂದು ಅವನಿಗೇ ಆಶ್ಚರ್ಯವಾಯಿತು. ಒಳಗೆ ಬೆಂಚುಗಳು ತುಂಬಿದ್ದವು. ಹಾಡಾಯಿತು, ಅವನು ತುಟಿ ಆಡಿಸಿದ. ಪ್ರಾರ್ಥನೆಯಾಯಿತು. ಬೋಧನೆಯಲ್ಲಿ ಅಯ್ಯನವರು ಏನು ಹೇಳಿದರೋ ಒಂದೂ ಕಿವಿಗೆ ಬೀಳಲಿಲ್ಲ. ಆಮೇಲೆ ಕರೆದರು. ಜಲಜಾ ಎದ್ದಳು, ಅವನೂ ಎದ್ದ. ಕಲ್ಲಿನ ಬಟ್ಟಲ ಬಳಿ ನಿಂತಾಗ ಬೆನ್ನ ಹಿಂದೆ ಮೊದಲ ಬೆಂಚಿನಲ್ಲಿ ಅಪ್ಪ ಕೂತಿರುವುದು ನೋಡದೆಯೂ ಗೊತ್ತಾಗುತ್ತಿತ್ತು. ಅಯ್ಯನವರು ದನಿ ಎತ್ತಿ ಕೇಳಿದರು: "ಈ ಮಗುವಿನ ತಂದೆಯಾದ ನೀನು ದೇವರನ್ನು ಪೂರ್ಣ ಮನಸ್ಸಿನಿಂದ ನಂಬುತ್ತೀಯೋ?"

ಒಂದೇ ಪದ. ಬಾಯಿ ತೆರೆದರೆ ಬಿದ್ದುಹೋಗುತ್ತದೆ. ಸಾರು ಚೆನ್ನಾಗಿದೆ ಅಂದಷ್ಟೇ ಸಲೀಸು. ಮನಸ್ಸೆ ನೀರನ್ನು ನೋಡಿದ. ಅದರಲ್ಲಿ ಟ್ಯೂಬ್‌ಲೈಟು ಅಲ್ಲಾಡುತ್ತಿತ್ತು. ಹೇಳಿಬಿಡು, ಮುದುಕನಿಗೆ ಎಷ್ಟು ದಿನ ಇದೆಯೋ ಎಂದು ಒಳಗೆ ಯಾರೋ ಅಂದರು. ಹೇಳಬೇಡ, ನಿನ್ನ ಹತ್ತಿರ ಇನ್ನೇನು ಉಳಿದಿದೆ ಎಂದು ಇನ್ನೊಬ್ಬರು ಅಂದರು. ಎರಡೂ ಅವನದೇ ದನಿ, ಎರಡರಲ್ಲೂ ಅವನಿಗೆ ಪ್ರೀತಿಯಿರಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಜಲಜಾ ಮಗುವಿನ ಅಂಗಿಯ ಕೆಳಗಿಂದ ಮೊಣಕೈಯಲ್ಲಿ ತಿವಿದಳು. ಅಯ್ಯನವರು ಕೇಳಿಸಲಿಲ್ಲವೇನೋ ಎಂದು ಪ್ರಶ್ನೆಯನ್ನು ಮತ್ತೊಮ್ಮೆ, ಈಗ ಇನ್ನೂ ಗಟ್ಟಿಯಾಗಿ ಕೇಳಿದರು. ಈ ಮೌನ ಇನ್ನು ಸ್ವಲ್ಪ ಹೊತ್ತು ನಡೆದರೆ ಅದೇ ಉತ್ತರವಾಗಿಬಿಡುತ್ತದೆ, ಎಲ್ಲರಿಗೂ ತಿಳಿದುಹೋಗುತ್ತದೆ. ಇಲ್ಲ ಅನ್ನುವ ಧೈರ್ಯವೂ ತನಗಿಲ್ಲ, ಹೌದು ಅನ್ನುವ ಕರುಣೆಯೂ ಇಲ್ಲ ಎಂದು ಅವನಿಗೆ ಗೊತ್ತಾಯಿತು. ಬೆನ್ನ ಹಿಂದೆ ಬೆಂಚು ಕಿರುಗುಟ್ಟಿತು.

"ನಂಬ್ತಾನೆ," ಅಂದ ಅಪ್ಪ.

ಅಯ್ಯನವರು ತಲೆಯೆತ್ತಿದರು. "ಉಪದೇಶಿಗಳೇ, ಹಾಗಲ್ಲ. ಇದನ್ನ ತಂದೆಯೇ ಹೇಳಬೇಕು."

"ತಂದೇನೇ ಹೇಳ್ತಾ ಇರೋದು."

ಎರಡನೆಯ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕು ನಗುವನ್ನು ಕೆಮ್ಮಾಗಿ ತಿರುಗಿಸಿದರು. ಮನಸ್ಸೆ ಹಿಂತಿರುಗಿ ನೋಡಿದ. ಅಪ್ಪ ಎದ್ದು ಮುಂದಿನ ಕಟಕಟೆ ಹಿಡಿದು ನಿಂತಿದ್ದ. ಮಗನ ಕಡೆ ನೋಡಲಿಲ್ಲ. ಅಯ್ಯನವರ ಮುಖವನ್ನೇ ನೇರ ನೋಡುತ್ತಿದ್ದ, ಕಟಕಟೆಯ ಮೇಲಿನ ಬೆರಳುಗಳು ಮಾತ್ರ ಬಿಳಿಚಿಕೊಂಡಿದ್ದವು. ಅಪ್ಪನಿಗೆ ಗೊತ್ತಿತ್ತು. ಬಸ್ಸಿನಲ್ಲಿ ಅರ್ಧಕ್ಕೆ ನಿಂತ ಮಾತಿನಿಂದಲ್ಲ, ಎಷ್ಟೋ ವರ್ಷಗಳಿಂದ. ಬೋಧನೆ ಮಾಡುತ್ತ ಎದುರಿಗೆ ನಿಂತವನಿಗೆ ಯಾರ ಬಾಯಲ್ಲಿ ಹಾಡಿದೆ, ಯಾರದು ಬರೀ ತುಟಿ ಎಂದು ಕಾಣದೇ ಇರುತ್ತದೆಯೇ? ಮತ್ತು ಮನಸ್ಸೆಗೆ ಇನ್ನೊಂದು ವಿಷಯವೂ ಹೊಳೆಯಿತು. ತನಗೆ ಈ ಜಾಗ ಒಂದು ಕಟ್ಟಡ, ಇಲ್ಲಿ ಆಡುವ ಸುಳ್ಳು ಬರೀ ಮಾನ ಮರ್ಯಾದೆಯ ವಿಷಯ. ಅಪ್ಪನಿಗೆ ಹಾಗಲ್ಲ. ಅಪ್ಪನಿಗೆ ದೇವರು ಇಲ್ಲೇ, ಈ ಫ್ಯಾನಿನ ಕೆಳಗೆ, ಕೇಳಿಸಿಕೊಳ್ಳುತ್ತ ನಿಂತಿದ್ದಾನೆ. ನರಕ ಇದೆ ಎಂಬುದರಲ್ಲಿ ಅವನಿಗೆ ಯಾವ ಸಂಶಯವೂ ಇಲ್ಲ. ಸುಳ್ಳು ಸಾಕ್ಷಿ ಹೇಳಿದವರು ಎಲ್ಲಿಗೆ ಹೋಗುತ್ತಾರೆಂದು ಇದೇ ಬೆಂಚುಗಳಿಗೆ ಎಷ್ಟೋ ಭಾನುವಾರ ಹೇಳಿದವನು ಅವನೇ. ತಿಳಿದೂ ತಿಳಿದೂ ಹೇಳಿದ. ಮಗ ತನ್ನ ಒಂದು ಚಿಟಿಕೆ ಪ್ರಾಮಾಣಿಕತೆಯನ್ನು ಬಿಡಲಾರದೆ ನಿಂತಿದ್ದಾಗ, ಅಪ್ಪ ತನ್ನ ಪರಲೋಕವನ್ನೇ ತೆಗೆದು ಮೇಜಿನ ಮೇಲಿಟ್ಟಿದ್ದ. ನಾಚಿಕೆಯೋ ದುಃಖವೋ, ಮನಸ್ಸೆಗೆ ಕಣ್ಣು ಮಂಜಾಯಿತು.

ಅಯ್ಯನವರು ಒಮ್ಮೆ ಅಪ್ಪನನ್ನು, ಒಮ್ಮೆ ಮಗನನ್ನು ನೋಡಿದರು. ಸಭೆಯ ಹಿರಿಯರೊಬ್ಬರು ಆಗಲಿ ಎಂಬಂತೆ ತಲೆಯಾಡಿಸಿದರು, ಕಾಫಿ ಆರುತ್ತಿತ್ತು. ಅಪ್ಪ ಕಟಕಟೆ ಹಿಡಿದುಕೊಂಡೇ ನಿಧಾನವಾಗಿ ಕೂತ. ಅಯ್ಯನವರು ನೀರಿಗೆ ಕೈ ಹಾಕಿದರು.

"ಮಗುವಿನ ಹೆಸರು?"

ಜಲಜಾ ಮಗುವನ್ನು ಮುಂದೆ ಹಿಡಿದು ಗಂಡನ ಮುಖ ನೋಡಿದಳು. ಮನಸ್ಸೆ ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದ: "ಆಮೋನ. ಹಿಜ್ಕೀಯನ ಮೊಮ್ಮಗ."

"ಹೆಸರಷ್ಟೇ ಸಾಕು ಬ್ರದರ್," ಅಂದರು ಅಯ್ಯನವರು.

ಮನಸ್ಸೆ ಇನ್ನೊಂದು ಸಲ, ಪೂರ್ತಿಯಾಗಿಯೇ ಹೇಳಿದ.